ಫೋನ್ ನನ್ನದು, ಆ್ಯಪ್ ಅಳಿಸಿದ್ದು ಯಾರು?

ಈ ಸಲ ಬಂದ ಪತ್ರಗಳಲ್ಲಿ, ಮೆಸೇಜುಗಳಲ್ಲಿ ಜಾಸ್ತಿ ಇದ್ದಿದ್ದು ಒಂದೇ ವಿಷಯ. ತಾನಾಗಿಯೇ ಮಾಯವಾಗುವ ಆ್ಯಪ್‌ಗಳು, ಮತ್ತು ಏನು ಮಾಡಿದರೂ ಹೋಗದ ಆ್ಯಪ್‌ಗಳು. ಹಾಗಾಗಿ ಬ್ಯಾಟರಿ, ಚಾರ್ಜರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮದು ಬಟ್ಟೆ ಅಂಗಡಿ. ಹೋದ ವಾರ ಬೆಳಿಗ್ಗೆ ಫೋನ್ ನೋಡಿದರೆ ಪ್ಲೇ ಪ್ರೊಟೆಕ್ಟ್ ಹೆಸರಿನಲ್ಲಿ ಒಂದು ನೋಟಿಫಿಕೇಶನ್. ಹಾನಿಕಾರಕ ಆ್ಯಪ್ ತೆಗೆದಿದ್ದೇವೆ ಅಂತ. ಪಿಡಿಎಫ್ ಓದಲು ಹಾಕಿಕೊಂಡಿದ್ದ ಆ್ಯಪ್ ಇಲ್ಲವೇ ಇಲ್ಲ. ನಾನು ಅಳಿಸಿಲ್ಲ, ಮಕ್ಕಳೂ ಮುಟ್ಟಿಲ್ಲ. ಅಂದರೆ ಯಾರೋ ಫೋನಿನೊಳಗೆ ಬಂದು ಹೋಗಿದ್ದಾರೆ ಅಂತ ತಾನೇ? ನನ್ನ ಫೋಟೊ, ಅಂಗಡಿ ಲೆಕ್ಕ ಎಲ್ಲ ಅವರಿಗೆ ಕಾಣುತ್ತಾ?
(ದಾವಣಗೆರೆ)

ಉತ್ತರ: ಯಾರೋ ಒಬ್ಬರು ಕೂತು ನಿಮ್ಮ ಫೋನ್ ತೆರೆದು ನೋಡಿಲ್ಲ, ಅಷ್ಟು ಸಮಾಧಾನ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಪ್ಲೇ ಸರ್ವಿಸಸ್ ಎಂಬ ಭಾಗ ಇರುತ್ತದೆ. ಅದಕ್ಕೆ ಐಕಾನ್ ಇಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಇಂಟರ್ನೆಟ್ ಇದ್ದಾಗಲೆಲ್ಲ ಅದು ಗೂಗಲ್ ಸರ್ವರ್ ಜೊತೆ ಮಾತಾಡುತ್ತಲೇ ಇರುತ್ತದೆ. ಕೆಟ್ಟ ಆ್ಯಪ್‌ಗಳ ಮೇಲೆ ಕಣ್ಣಿಡುವ ಗೂಗಲ್‌ನ ಕಾವಲು ವ್ಯವಸ್ಥೆ ಪ್ಲೇ ಪ್ರೊಟೆಕ್ಟ್ ಕೆಲಸ ಮಾಡುವುದು ಇದರ ಮೂಲಕ. ಈ ಹೆಸರು ಬಂದಿದ್ದು 2017ರಲ್ಲಿ. ಅದಕ್ಕೂ ಮುಂಚೆ ವೆರಿಫೈ ಆ್ಯಪ್ಸ್ ಎಂದು ಕರೆಯುತ್ತಿದ್ದರು. ನಿಮ್ಮ ಫೋನಿನಲ್ಲಿರುವ ಆ್ಯಪ್‌ಗಳ ಗುರುತನ್ನು ಅದು ಆಗಾಗ ಗೂಗಲ್ ಹತ್ತಿರ ಇರುವ ಕೆಟ್ಟ ಆ್ಯಪ್‌ಗಳ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಕೆಲವು ಸಲ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ, ಕೆಲವು ಸಲ ಆ್ಯಪ್ ಓಡದ ಹಾಗೆ ಕಟ್ಟಿ ಹಾಕುತ್ತದೆ, ತೀರಾ ಅಪಾಯ ಅನ್ನಿಸಿದರೆ ನಿಮ್ಮನ್ನು ಕೇಳದೆ ಕಿತ್ತು ಹಾಕಿ ಆಮೇಲೆ ತಿಳಿಸುತ್ತದೆ. ನಿಮಗಾಗಿದ್ದು ಈ ಮೂರನೆಯದು.

ಇದೇನು ಹೊಸದಲ್ಲ. 2008ರಲ್ಲಿ ಐಫೋನಿನಲ್ಲಿ ಇಂಥದ್ದೊಂದು ವ್ಯವಸ್ಥೆ ಅಡಗಿದೆ ಎಂಬ ಸುದ್ದಿ ಹೊರಬಿತ್ತು. ಸ್ಟೀವ್ ಜಾಬ್ಸ್ ಅದನ್ನು ಅಲ್ಲಗಳೆಯಲಿಲ್ಲ. ಇದನ್ನು ಬಳಸುವ ಪ್ರಸಂಗ ಬರದಿರಲಿ, ಆದರೆ ಇಟ್ಟುಕೊಳ್ಳದೇ ಇದ್ದರೆ ನಾವು ಬೇಜವಾಬ್ದಾರರಾಗುತ್ತೇವೆ ಎಂಬ ಅರ್ಥದಲ್ಲಿ ಹೇಳಿದರು. ಗೂಗಲ್ ಮೊದಲ ಸಲ ಇದನ್ನು ಬಳಸಿದ್ದು 2010ರ ಜೂನ್‌ನಲ್ಲಿ. ಜಾನ್ ಓಬರ್‌ಹೈಡ್ ಎಂಬ ಭದ್ರತಾ ಸಂಶೋಧಕ ಎರಡು ಉಚಿತ ಆ್ಯಪ್ ಬಿಟ್ಟಿದ್ದರು. ಹೊರಗೆ ತೋರಿಸುವುದು ಒಂದು, ಒಳಗಿನ ಉದ್ದೇಶ ಇನ್ನೊಂದು. ಆ್ಯಪ್ ಹಾಕಿಸಿಕೊಂಡ ಮೇಲೆ ಹೊರಗಿನಿಂದ ಹೊಸ ಕೋಡ್ ತರಿಸಿ ಓಡಿಸಬಹುದು ಎಂದು ತೋರಿಸುವುದೇ ಅವರ ಗುರಿ. ಯಾರಿಗೂ ತೊಂದರೆ ಮಾಡುವ ಉದ್ದೇಶ ಇರಲಿಲ್ಲ. ಅವರೇ ಆ್ಯಪ್ ವಾಪಸ್ ತೆಗೆದ ಮೇಲೆ, ಅಳಿಸದೇ ಉಳಿದಿದ್ದ ಫೋನುಗಳಿಂದ ಗೂಗಲ್ ದೂರದಿಂದಲೇ ಅಳಿಸಿತು.

ನಿಜವಾದ ಪರೀಕ್ಷೆ ಬಂದಿದ್ದು 2011ರ ಮಾರ್ಚ್‌ನಲ್ಲಿ. ಆಗ ಪ್ಲೇ ಸ್ಟೋರ್‌ಗೆ ಆಂಡ್ರಾಯ್ಡ್ ಮಾರ್ಕೆಟ್ ಎಂದು ಹೆಸರು. ಅಲ್ಲಿ 50ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಡ್ರಾಯ್ಡ್‌ಡ್ರೀಮ್ ಎಂಬ ಕೆಟ್ಟ ಕೋಡ್ ಸಿಕ್ಕಿತು. ಒಳ್ಳೆಯ ಆ್ಯಪ್‌ಗಳನ್ನು ನಕಲು ಮಾಡಿ, ಒಳಗೆ ವಿಷ ಸೇರಿಸಿ, ಬೇರೆ ಹೆಸರಿನಲ್ಲಿ ಬಿಟ್ಟಿದ್ದರು. ಅದು ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ, ಜನ ಮಲಗಿರುವ ಹೊತ್ತಿನಲ್ಲಿ ಕೆಲಸ ಮಾಡುವ ಹಾಗೆ ಬರೆದ ಕೋಡ್. ಕಳ್ಳರಿಗೂ ಹೊತ್ತು ಗೊತ್ತು ಗೊತ್ತಾಗುತ್ತದೆ ನೋಡಿ. ಆಂಡ್ರಾಯ್ಡ್ 2.2.2ಕ್ಕಿಂತ ಹಳೆಯ ಫೋನುಗಳಲ್ಲಿದ್ದ ಒಂದು ದೋಷ ಬಳಸಿ ಅದು ಫೋನಿನ ಪೂರ್ತಿ ಅಧಿಕಾರ ತೆಗೆದುಕೊಳ್ಳುತ್ತಿತ್ತು. ಗೂಗಲ್ ಆ ಆ್ಯಪ್‌ಗಳನ್ನು ಮಾರ್ಕೆಟ್‌ನಿಂದ ತೆಗೆಯಿತು, ಫೋನುಗಳಿಂದಲೂ ಅಳಿಸಿತು. ಅಷ್ಟಕ್ಕೇ ಮುಗಿಯಲಿಲ್ಲ. ಆ್ಯಪ್ ಹೋದರೂ ಅದು ಒಡೆದಿದ್ದ ಬೀಗ ಹಾಗೇ ಇತ್ತು. ಅದನ್ನು ಸರಿ ಮಾಡಲು ಇನ್ನೊಂದು ಸಣ್ಣ ಆ್ಯಪನ್ನು ದೂರದಿಂದಲೇ ಆ ಫೋನುಗಳಿಗೆ ಕಳಿಸಿ, ಬಳಕೆದಾರರಿಗೆ ಇಮೇಲ್ ಮಾಡಿ ತಿಳಿಸಿತು. ಇದರ ತಮಾಷೆ ಕೇಳಿ. ಕೆಲವೇ ದಿನಗಳಲ್ಲಿ ಚೀನಾದ ಬೇರೆ ಆ್ಯಪ್ ಅಂಗಡಿಯೊಂದರಲ್ಲಿ ಈ ರಿಪೇರಿ ಆ್ಯಪ್‌ನದೇ ನಕಲು ಬಂತು. ಅದರೊಳಗೂ ವಿಷ!

ಈಗ ನಿಮ್ಮ ಪಿಡಿಎಫ್ ಆ್ಯಪ್‌ಗೆ ಬರೋಣ. ಪ್ಲೇ ಪ್ರೊಟೆಕ್ಟ್ ತಾಳೆ ನೋಡುವುದು ಆ್ಯಪ್‌ಗಳನ್ನು. ನಿಮ್ಮ ಫೋಟೊ, ಲೆಕ್ಕ ಅದಕ್ಕೆ ಬೇಕಿಲ್ಲ. ಆದರೆ ಹೋಗಿದೆಯಲ್ಲ, ಆ ಆ್ಯಪ್‌ಗೆ ನೀವು ಏನೇನು ಪರ್ಮಿಶನ್ ಕೊಟ್ಟಿದ್ದಿರಿ? ಎಸ್ಎಂಎಸ್ ಓದಲು ಬಿಟ್ಟಿದ್ದಿರಾ? ಫೈಲುಗಳು? ಕಾಂಟ್ಯಾಕ್ಟ್ಸ್? ಆ್ಯಪ್ ಅಳಿಸಿದರೆ ಅದು ಆಗಲೇ ಹೊರಗೆ ಕಳಿಸಿದ್ದು ವಾಪಸ್ ಬರುವುದಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಎಸ್ಎಂಎಸ್ ಪರ್ಮಿಶನ್ ಇತ್ತು ಅನ್ನಿಸಿದರೆ ಇವತ್ತೇ ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್, ಗೂಗಲ್ ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸಿ. ಕಳೆದ ಒಂದೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಣ್ಣಾಡಿಸಿ.

ಇನ್ನೊಂದು ಮಾತು. ಬಂದಿದ್ದ ನೋಟಿಫಿಕೇಶನ್ ಅಸಲಿಯೇ ಎಂದು ನೋಡಿಕೊಳ್ಳಿ. ಪ್ಲೇ ಸ್ಟೋರ್ ತೆರೆದು, ಮೇಲೆ ನಿಮ್ಮ ಫೋಟೊ ಇರುವ ಗುಂಡಿ ಒತ್ತಿದರೆ ಪ್ಲೇ ಪ್ರೊಟೆಕ್ಟ್ ಕಾಣುತ್ತದೆ. ಅಲ್ಲಿಂದ ಸ್ಕ್ಯಾನ್ ಮಾಡಿ. ಬ್ರೌಸರ್‌ನಲ್ಲಿ ಕೆಂಪು ಅಕ್ಷರದಲ್ಲಿ ‘ನಿಮ್ಮ ಫೋನಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ’ ಎಂದು ಬರುತ್ತದಲ್ಲ, ಅದು ಯಾವತ್ತೂ ಪ್ಲೇ ಪ್ರೊಟೆಕ್ಟ್ ಅಲ್ಲ.

ಪ್ರಶ್ನೆ: ಅಳಿಸುವ ಶಕ್ತಿ ಇದೆ ಅಂದರೆ ಹಾಕುವ ಶಕ್ತಿಯೂ ಇರಬೇಕಲ್ವಾ ಸರ್? ಹಾಗಾದರೆ ನಮ್ಮ ಒಪ್ಪಿಗೆಗೆ ಬೆಲೆ ಏನು?
(ಮೈಸೂರು, ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಇದೆ. ಆಗಲೇ ಹೇಳಿದ ಓಬರ್‌ಹೈಡ್ 2010ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. ಫೋನಿಗೆ ಬರುವ ಆಜ್ಞೆಗಳಲ್ಲಿ ತೆಗೆಯುವುದಕ್ಕೆ ಒಂದು ಇದ್ದ ಹಾಗೆ ಹಾಕುವುದಕ್ಕೂ ಒಂದು ಇತ್ತು. 2011ರ ರಿಪೇರಿ ಆ್ಯಪ್ ಬಂದಿದ್ದೂ ದೂರದಿಂದಲೇ.

ಇದನ್ನು ನೀವೂ ಬಳಸಿರುತ್ತೀರಿ, ಗಮನಿಸಿರಲಿಕ್ಕಿಲ್ಲ ಅಷ್ಟೇ. ಕಂಪ್ಯೂಟರ್‌ನಲ್ಲಿ ಪ್ಲೇ ಸ್ಟೋರ್ ವೆಬ್‌ಸೈಟ್ ತೆರೆದು, ನಿಮ್ಮ ಅಕೌಂಟ್‌ನಲ್ಲಿ ಇನ್‌ಸ್ಟಾಲ್ ಒತ್ತಿದರೆ ಟೇಬಲ್ ಮೇಲಿರುವ ಫೋನಿನಲ್ಲಿ ಆ್ಯಪ್ ಬಂದು ಕೂರುತ್ತದೆ. ಫೋನ್ ಮುಟ್ಟಲೇಬೇಕಿಲ್ಲ. ಅಂದರೆ ನಿಮ್ಮ ಗೂಗಲ್ ಪಾಸ್‌ವರ್ಡ್ ಗೊತ್ತಿರುವ ಯಾರೇ ಆದರೂ, ಹಾಸ್ಟೆಲ್ ರೂಂಮೇಟ್ ಇರಲಿ, ಸೈಬರ್ ಸೆಂಟರ್‌ನಲ್ಲಿ ನೀವು ಲಾಗ್‌ಔಟ್ ಮಾಡದೇ ಬಿಟ್ಟ ಕಂಪ್ಯೂಟರ್ ಮುಂದೆ ಕೂತವರಿರಲಿ, ನಿಮ್ಮ ಫೋನಿಗೆ ಆ್ಯಪ್ ಕಳಿಸಬಹುದು. ನನ್ನ ಪ್ರಕಾರ ಒಬ್ಬ ಸಾಮಾನ್ಯ ಬಳಕೆದಾರ ಗೂಗಲ್‌ಗಿಂತ ಮೊದಲು ಹೆದರಬೇಕಾದ್ದು ಇದಕ್ಕೆ. ಪಾಸ್‌ವರ್ಡ್ ಜೊತೆ ಇನ್ನೊಂದು ಖಾತರಿಯನ್ನೂ ಕೇಳುವ ಟು ಸ್ಟೆಪ್ ವೆರಿಫಿಕೇಶನ್ ಹಾಕಿಕೊಳ್ಳಿ.

ಒಪ್ಪಿಗೆ ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನ್ಯಾಯವಾದದ್ದೇ. 2021ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಕೋವಿಡ್ ಸಂಪರ್ಕ ತಿಳಿಸುವ ಮಾಸ್‌ನೋಟಿಫೈ ಎಂಬುದು ಜನರ ಆಂಡ್ರಾಯ್ಡ್ ಫೋನುಗಳಲ್ಲಿ ಅವರು ಕೇಳದೆಯೇ ಬಂದು ಕೂತಿತ್ತು. ನೀವು ಆನ್ ಮಾಡುವವರೆಗೆ ಅದು ಕೆಲಸ ಮಾಡುವುದಿಲ್ಲ ಎಂದು ಗೂಗಲ್ ಸಮಜಾಯಿಷಿ ಕೊಟ್ಟಿತು. ಜನ ಮಾತ್ರ ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಕೋಪ ತೀರಿಸಿಕೊಂಡರು. 2018ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪ್ರಸಂಗ. ಕಂಪನಿಯೊಳಗಿನ ಒಂದು ಪ್ರಯೋಗ ತಪ್ಪಿ ಹೊರಗೆ ಹೋಗಿ, ಆಂಡ್ರಾಯ್ಡ್ ಪೈ ಇದ್ದ ಹಲವರ ಫೋನಿನಲ್ಲಿ ಬ್ಯಾಟರಿ ಸೇವರ್ ತಾನಾಗಿ ಆನ್ ಆಯಿತು. ಗೂಗಲ್ ಕ್ಷಮೆ ಕೇಳಿತು. ಸಣ್ಣ ವಿಷಯವೇ, ಆದರೆ ಗುಂಡಿ ಯಾರ ಕೈಯಲ್ಲಿದೆ ಅಂತ ಗೊತ್ತಾಯಿತಲ್ಲ.

ಹಾಗಂತ ಪ್ರತಿಯೊಂದಕ್ಕೂ ‘ದೂರದಿಂದ ತುರುಕಿದರು’ ಅನ್ನುವುದೂ ಸರಿಯಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ದೇಶದ ಲಕ್ಷಾಂತರ ಫೋನುಗಳ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಆಧಾರ್‌ನ ಹಳೇ ಸಹಾಯವಾಣಿ ನಂಬರ್ ಇದ್ದದ್ದು ಕಂಡು ದೊಡ್ಡ ಗಲಾಟೆಯೇ ಆಯಿತು, ನೆನಪಿದೆಯಾ? ರಾತ್ರೋರಾತ್ರಿ ಯಾರೋ ಹಾಕಿದರು ಎಂದೇ ಎಲ್ಲರೂ ನಂಬಿದ್ದರು. ಆಮೇಲೆ ಗೂಗಲ್ ಹೇಳಿದ್ದೇ ಬೇರೆ. 2014ರಲ್ಲಿ ಭಾರತದ ಫೋನ್ ತಯಾರಕರಿಗೆ ಕೊಟ್ಟ ಸೆಟಪ್ ವಿಝಾರ್ಡ್‌ನಲ್ಲಿ (ಹೊಸ ಫೋನನ್ನು ಮೊದಲ ಸಲ ಸಿದ್ಧ ಮಾಡಿಸುವ ತಂತ್ರಾಂಶ) ಆ ನಂಬರ್ ಮತ್ತು 112 ತಮ್ಮ ಕಣ್ತಪ್ಪಿನಿಂದ ಸೇರಿತ್ತು, ಆಮೇಲೆ ಜನ ಫೋನ್ ಬದಲಿಸಿದಾಗ ಕಾಂಟ್ಯಾಕ್ಟ್‌ಗಳ ಜೊತೆ ಅದೂ ಹೊಸ ಫೋನಿಗೆ ಬಂತು ಅಂತ. ಅಂದರೆ ನಾಲ್ಕು ವರ್ಷದಿಂದ ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ!

ನನ್ನ ತಕರಾರು ಇಷ್ಟು. ಕಳ್ಳ ಆ್ಯಪನ್ನು ಹೊರಗೆ ಹಾಕಲು ಕಂಪನಿಗೆ ಶಕ್ತಿ ಇರಲಿ. ಆದರೆ ಯಾವುದನ್ನು, ಯಾವಾಗ, ಯಾಕೆ ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕು. ‘ಹಾನಿಕಾರಕ’ ಎಂಬ ಒಂದು ಪದದಲ್ಲಿ ಮುಗಿಸಬಾರದು. ದಾವಣಗೆರೆಯವರ ಆ್ಯಪ್ ಏನು ಕದಿಯುತ್ತಿತ್ತು ಎಂದು ಅವರಿಗೆ ಸರಿಯಾಗಿ ತಿಳಿಸಿದ್ದರೆ ಅವರು ನನಗೆ ಬರೆಯುವ ಬದಲು ನೇರ ಬ್ಯಾಂಕಿಗೆ ಹೋಗುತ್ತಿದ್ದರು.

ಪ್ರಶ್ನೆ: ಇಂಥಿಂಥ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ಕಿತ್ತು ಹಾಕಿದ್ದಾರೆ ಎಂದು ಪೇಪರಿನಲ್ಲಿ ಬರುತ್ತಿರುತ್ತದೆ. ಹಾಗಾದರೆ ನನ್ನ ಫೋನಿನಿಂದಲೂ ಹೋಗಿರುತ್ತದೆ ಅಂತ ಆರಾಮಾಗಿ ಇರಬಹುದೇ?
(ಶಿರಸಿ, ನಿವೃತ್ತ ಶಿಕ್ಷಕರು)

ಉತ್ತರ: ಇರಬೇಡಿ ಮೇಷ್ಟ್ರೇ. ಸ್ಟೋರ್‌ನಿಂದ ತೆಗೆಯುವುದು ಬೇರೆ, ಫೋನಿನಿಂದ ತೆಗೆಯುವುದು ಬೇರೆ. ಮೊದಲನೆಯದು ಸದಾ ನಡೆಯುತ್ತದೆ, ಎರಡನೆಯದು ಅಪರೂಪ. ಸ್ಟೋರ್‌ನಿಂದ ತೆಗೆದರೆ ಹೊಸಬರಿಗೆ ಸಿಗುವುದಿಲ್ಲ, ಅಷ್ಟೇ. ಆಗಲೇ ಹಾಕಿಕೊಂಡವರ ಫೋನಿನಲ್ಲಿ ಅದು ಹಾಯಾಗಿ ಇರುತ್ತದೆ.

ಒಂದು ಒಳ್ಳೆಯ ಉದಾಹರಣೆ ಇದೆ. ಬಾರ್‌ಕೋಡ್ ಸ್ಕ್ಯಾನರ್ ಎಂಬ ಆ್ಯಪ್. ವರ್ಷಗಟ್ಟಲೆ ಸಾಧುವಾಗಿ ಕೆಲಸ ಮಾಡಿಕೊಂಡಿತ್ತು, 1 ಕೋಟಿಗೂ ಹೆಚ್ಚು ಇನ್‌ಸ್ಟಾಲ್ ಆಗಿತ್ತು. 2020ರ ಕೊನೆಯಲ್ಲಿ ಮಾಲೀಕತ್ವ ಕೈ ಬದಲಾಗುವ ಹೊತ್ತಿಗೆ ಒಂದು ಅಪ್‌ಡೇಟ್ ಬಂತು. ಅಲ್ಲಿಂದ ಬ್ರೌಸರ್ ತಾನಾಗಿ ತೆರೆದು ಜಾಹೀರಾತು ತೋರಿಸಲು ಶುರು. ಮಾಲ್‌ವೇರ್‌ಬೈಟ್ಸ್ ಕಂಪನಿ ಇದನ್ನು ಪತ್ತೆ ಮಾಡಿತು, ಗೂಗಲ್ ಸ್ಟೋರ್‌ನಿಂದ ತೆಗೆಯಿತು. ಆದರೂ ಫೋನಿನಲ್ಲಿ ಇದ್ದದ್ದು ಇದ್ದೇ ಇತ್ತು, ಕೈಯಾರೆ ಅಳಿಸಿಕೊಳ್ಳಬೇಕಾಯಿತು. ನೀವು ಹಾಕಿಕೊಂಡಾಗ ಒಳ್ಳೆಯದಾಗಿದ್ದ ಆ್ಯಪ್ ಮೂರು ವರ್ಷದ ಮೇಲೂ ಒಳ್ಳೆಯದೇ ಆಗಿರುತ್ತದೆ ಎಂದು ಹೇಳಲು ಬರುವುದಿಲ್ಲ.

ಸಾಲದ ಆ್ಯಪ್‌ಗಳದ್ದೂ ಇದೇ ಕತೆ, ಇನ್ನೂ ಕೆಟ್ಟದಾಗಿ. ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಉತ್ತರದ ಪ್ರಕಾರ 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಗೂಗಲ್ 2,500ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತಡೆಹಿಡಿದಿದೆ ಇಲ್ಲವೇ ತೆಗೆದಿದೆ. ಆದರೆ ಆ ಆ್ಯಪ್‌ಗಳು ಮೊದಲ ದಿನವೇ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳನ್ನು ಬಾಚಿಕೊಂಡಿದ್ದವು. ಸಾಲ ತೀರಿಸಿದವರಿಗೂ ಫೋನ್ ಮಾಡಿ ಪೀಡಿಸಿದರು, ಫೋಟೊ ತಿದ್ದಿ ನೆಂಟರಿಗೆ ಕಳಿಸಿದರು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೊ ಮುಟ್ಟುವಂತಿಲ್ಲ ಎಂದು ಗೂಗಲ್ ನಿಯಮ ತಂದಿದ್ದು 2023ರಲ್ಲಿ. ತಡವಾಯಿತು ಅನ್ನದೆ ಬೇರೆ ದಾರಿಯಿಲ್ಲ.

ಬಿಡುವಿದ್ದಾಗ ಒಮ್ಮೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪೂರ್ತಿ ಪಟ್ಟಿ ತೆರೆದು ಕೂರಿ. ಆರು ತಿಂಗಳಿಂದ ಮುಟ್ಟಿಲ್ಲದ್ದನ್ನೆಲ್ಲ ತೆಗೆಯಿರಿ. ಏನಿದು ಅಂತ ಗೊತ್ತಾಗದ್ದನ್ನು ಪ್ಲೇ ಸ್ಟೋರ್‌ನಲ್ಲಿ ಹುಡುಕಿ ನೋಡಿ. ಅಲ್ಲಿ ಸಿಗದೇ ಹೋದರೆ ಸಂಶಯ ಪಡಿ. ಆದರೆ ‘ಸಿಸ್ಟಮ್’ ಎಂದು ಬರೆದಿರುವುದನ್ನು ಮುಟ್ಟುವ ಮೊದಲು ಯಾರಾದರೂ ತಿಳಿದವರನ್ನು ಕೇಳಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು. ಕಳಿಸಿದ್ದು ಪರಿಚಯದವರೇ. ಒತ್ತಿದ್ದಾರೆ, ಏನೂ ಕಾಣಲಿಲ್ಲವಂತೆ. ಈಗ ಅವರ ನಂಬರಿನಿಂದ ನಮ್ಮ ನೆಂಟರಿಗೆಲ್ಲ ಅದೇ ಫೈಲ್ ಹೋಗುತ್ತಿದೆ. ಆ್ಯಪ್ ಹುಡುಕಿದರೆ ಐಕಾನ್ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ ಸಿಕ್ಕಿದರೂ ಅನ್‌ಇನ್‌ಸ್ಟಾಲ್ ಗುಂಡಿ ಒತ್ತಲು ಬರುತ್ತಿಲ್ಲ. ಗೂಗಲ್ ತಾನಾಗಿ ತೆಗೆಯುತ್ತದೆ, ಕಾಯೋಣ ಅಂತಾರೆ ನಮ್ಮ ಯಜಮಾನರು. ಕಾಯಬಹುದಾ?
(ಹಾಸನ)

ಉತ್ತರ: ಕಾಯಬೇಡಿ ಅಕ್ಕಾ. ಪತ್ರಿಕೆ ಕೈಗೆ ಬರುವವರೆಗೂ ತಡವಾಗಬಾರದೆಂದು ನಿಮಗೆ ಆಗಲೇ ಮೆಸೇಜ್ ಮಾಡಿದ್ದೇನೆ, ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅದು ಕರೆಯೋಲೆ ಅಲ್ಲ, ಎಪಿಕೆ ಫೈಲ್. ಅಂದರೆ ಆಂಡ್ರಾಯ್ಡ್ ಆ್ಯಪ್. ಇದೇ ಆಟವನ್ನು ಟ್ರಾಫಿಕ್ ಫೈನ್ ಚಲನ್ ಹೆಸರಲ್ಲಿ, ಪಿಎಂ ಕಿಸಾನ್ ಹೆಸರಲ್ಲಿ, ಬ್ಯಾಂಕ್ ರಿವಾರ್ಡ್ ಪಾಯಿಂಟ್ ಹೆಸರಲ್ಲಿ ಆಡುತ್ತಾರೆ. ಕರೆಯೋಲೆ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೊ ಆಗಿಯೂ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಯಾರ ಮದುವೆಯದೂ ಅಲ್ಲ. ಪರಿಚಯದವರಿಂದ ಬಂತು ಎಂದು ನಂಬುವ ಹಾಗಿಲ್ಲ, ಅವರ ಫೋನೂ ಹೀಗೇ ಕೈತಪ್ಪಿರುತ್ತದೆ. ನಿಮ್ಮ ಅತ್ತೆಯವರದ್ದು ಆದ ಹಾಗೆ.

ಮೊದಲು ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿ. ಸಿಮ್ ತೆಗೆದು ಹಳೇ ಬಟನ್ ಫೋನಿಗೆ ಹಾಕಿ, ಆಗ ಓಟಿಪಿ ಕಳ್ಳರ ಕೈಗೆ ಹೋಗುವುದು ನಿಲ್ಲುತ್ತದೆ. ಆ ಫೋನಿನಿಂದಲೇ ##002# ಒತ್ತಿ ಡಯಲ್ ಮಾಡಿ, ಯಾರಾದರೂ ಕಾಲ್ ಫಾರ್ವರ್ಡ್ ಹಾಕಿದ್ದರೆ ರದ್ದಾಗುತ್ತದೆ. ಬ್ಯಾಂಕಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ತಡೆಹಿಡಿಸಿ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅಲ್ಲೇ ಹಿಡಿದಿಡಲು ಅವರಿಂದ ಆಗುತ್ತದೆ. ಬ್ಯಾಂಕಿಗೆ ತಿಳಿಸಿದ ಹೊತ್ತು, ದೂರಿನ ನಂಬರ್ ಎರಡನ್ನೂ ಬರೆದಿಟ್ಟುಕೊಳ್ಳಿ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ ಗ್ರಾಹಕರದ್ದೇ ಅಜಾಗರೂಕತೆ ಇದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಆ ಹೊತ್ತು ಮುಖ್ಯ.

ಈಗ ಆ್ಯಪ್ ತೆಗೆಯುವ ಕೆಲಸ. ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡುತ್ತಿಲ್ಲ ಅಂದರೆ ಅದು ಡಿವೈಸ್ ಅಡ್ಮಿನ್ ಎಂಬ ಅಧಿಕಾರ ಪಡೆದಿರುವ ಸಾಧ್ಯತೆ ಹೆಚ್ಚು. ಆಫೀಸಿನ ಫೋನುಗಳನ್ನು ಕಂಪನಿಗಳು ಹತೋಟಿಯಲ್ಲಿ ಇಟ್ಟುಕೊಳ್ಳಲಿ ಎಂದು ಮಾಡಿದ ಸೌಲಭ್ಯ ಅದು, ಕಳ್ಳರಿಗೂ ಅನುಕೂಲವಾಗಿದೆ. ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆಯಿರಿ. ಪವರ್ ಮೆನುವಿನಲ್ಲಿ ಪವರ್ ಆಫ್ ಗುಂಡಿಯನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಕೇಳುತ್ತದೆ, ನಿಮ್ಮದರಲ್ಲಿ ಬೇರೆ ಥರ ಇರಬಹುದು. ಸೇಫ್ ಮೋಡ್‌ನಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ಆಗ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಹುಡುಕಿ, ಆ ಆ್ಯಪ್ ಮುಂದಿನ ಗುರುತು ತೆಗೆಯಿರಿ. ಆಕ್ಸೆಸಿಬಿಲಿಟಿ ಪಟ್ಟಿಯಲ್ಲೂ ನೋಡಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು ಇರುವ ಈ ಸೌಲಭ್ಯ ಕೆಟ್ಟ ಆ್ಯಪ್ ಕೈಗೆ ಸಿಕ್ಕರೆ ಅದು ನಿಮ್ಮ ಪರದೆಯನ್ನು ಓದುತ್ತದೆ, ನಿಮ್ಮ ಬದಲು ಗುಂಡಿ ಒತ್ತುತ್ತದೆ, ಅನ್‌ಇನ್‌ಸ್ಟಾಲ್ ಪುಟ ತೆರೆದ ಕೂಡಲೇ ಹಿಂದಕ್ಕೆ ಹೋಗಿಬಿಡುತ್ತದೆ. ಇವೆರಡನ್ನೂ ತೆಗೆದ ಮೇಲೆ ಅನ್‌ಇನ್‌ಸ್ಟಾಲ್ ಆಗುತ್ತದೆ. ಆಮೇಲೂ ನಾನಾಗಿದ್ದರೆ ಫೋಟೊಗಳನ್ನು ಬೇರೆ ಕಡೆ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಬಿಡುತ್ತಿದ್ದೆ. ದುಡ್ಡಿನ ವ್ಯವಹಾರ ಮಾಡುವ ಫೋನಿನಲ್ಲಿ ಅರ್ಧ ನಂಬಿಕೆ ಇಟ್ಟುಕೊಂಡು ಇರುವುದು ನನ್ನ ಕೈಲಿ ಆಗದು.

ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್‌ಔಟ್ ಮಾಡಿಸಿ. ನೆಂಟರ ಗುಂಪಿನಲ್ಲಿ ‘ಅದನ್ನು ಒತ್ತಬೇಡಿ’ ಎಂದು ನಿಮ್ಮ ನಂಬರಿನಿಂದ, ಆದರೆ ವಾಯ್ಸ್ ಮೆಸೇಜ್ ಮಾಡಿ. ಬರೆದು ಹಾಕಿದರೆ ಅದನ್ನೂ ಕಳ್ಳರದೇ ಅಂದುಕೊಳ್ಳುತ್ತಾರೆ. ಮತ್ತೆ, ಅತ್ತೆಯವರನ್ನು ಬೈಯಬೇಡಿ. ಓದಿಕೊಂಡವರೇ ಬೇಕಾದಷ್ಟು ಜನ ಹೀಗೆ ಸಿಕ್ಕಿಬಿದ್ದಿದ್ದಾರೆ.

ಗೂಗಲ್ ಯಾಕೆ ತಾನಾಗಿ ತೆಗೆಯಲಿಲ್ಲ ಅಂದರೆ, ಈ ಕಳ್ಳರು ಆ್ಯಪ್‌ನ ಹೊರರೂಪವನ್ನು ಪದೇ ಪದೇ ಬದಲಿಸುತ್ತಾರೆ. ಹೊಸ ಎಪಿಕೆ ಪಟ್ಟಿಯಲ್ಲಿ ಸೇರುವವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಆ ಮಧ್ಯದ ಹೊತ್ತೇ ಮುಳುವಾಗಿದ್ದು.

ಪ್ರಶ್ನೆ: ಐಫೋನ್ ತೆಗೆದುಕೊಂಡರೆ ಈ ತಲೆನೋವೇ ಇರಲ್ಲ ಅಲ್ವಾ?
(ಬೆಳಗಾವಿ)

ಉತ್ತರ: ಎಪಿಕೆ ತಲೆನೋವು ಇರಲ್ಲ. ಬೇರೆಯವು ಇರುತ್ತವೆ. ಬೀಗದ ಕೈ ಅಲ್ಲೂ ಕಂಪನಿಯ ಹತ್ತಿರವೇ ಇದೆ. 2019ರ ಜನವರಿ ಕೊನೆಯಲ್ಲಿ ಫೇಸ್‌ಬುಕ್ ತನ್ನ ನೌಕರರ ಬಳಕೆಗೆ ಅಂತ ಪಡೆದಿದ್ದ ಸರ್ಟಿಫಿಕೇಟನ್ನು (ಸ್ಟೋರ್ ಹೊರಗಿನ ಆ್ಯಪ್‌ಗಳನ್ನು ಐಫೋನಿನಲ್ಲಿ ಓಡಿಸಲು ಆ್ಯಪಲ್ ಕೊಡುವ ಅನುಮತಿ) ನಿಯಮ ಮೀರಿ ಹೊರಗಿನವರಿಗೆ ಬಳಸಿದ್ದಕ್ಕೆ ಆ್ಯಪಲ್ ಅದನ್ನು ರದ್ದು ಮಾಡಿತು. ಅಷ್ಟಕ್ಕೇ ಫೇಸ್‌ಬುಕ್ ಆಫೀಸಿನೊಳಗಿನ ಐಫೋನ್ ಆ್ಯಪ್‌ಗಳೆಲ್ಲ ತೆರೆಯುವುದನ್ನೇ ನಿಲ್ಲಿಸಿದವು. ಮರುದಿನ ಗೂಗಲ್‌ಗೂ ಅದೇ ಪಾಠ. ಯಾವ ಫೋನಿನಿಂದಲೂ ಏನನ್ನೂ ಅಳಿಸಲಿಲ್ಲ, ಆದರೂ ಆ್ಯಪ್ ಸತ್ತ ಹಾಗೆಯೇ ಆಯಿತು. ನಲವತ್ತು ಐವತ್ತು ಸಾವಿರ ಜಾಸ್ತಿ ಕೊಡಲು ಇದೊಂದೇ ಕಾರಣವಾದರೆ ನಾನು ಬೇಡ ಅನ್ನುತ್ತೇನೆ.

ಪ್ರಶ್ನೆ: ಸರ್ಕಾರ ಮನಸ್ಸು ಮಾಡಿದರೆ ನನ್ನ ಫೋನಿನಿಂದ ಆ್ಯಪ್ ಅಳಿಸಬಹುದೇ? ಟಿಕ್‌ಟಾಕ್ ಹೋದ ಹಾಗೆ?
(ಕಲಬುರಗಿ)

ಉತ್ತರ: ಟಿಕ್‌ಟಾಕ್ ಹಾಗೆ ಹೋಗಲಿಲ್ಲ. 2020ರ ಜೂನ್ 29ರಂದು ಐಟಿ ಕಾಯ್ದೆಯ 69ಎ ಸೆಕ್ಷನ್ ಬಳಸಿ 59 ಆ್ಯಪ್‌ಗಳನ್ನು ನಿಷೇಧಿಸಿದರು. ಸ್ಟೋರ್‌ಗಳಿಂದ ತೆಗೆದರು, ನೆಟ್‌ವರ್ಕ್‌ನಲ್ಲಿ ತಡೆದರು. ಫೋನಿನಲ್ಲಿ ಐಕಾನ್ ಉಳಿದೇ ಇತ್ತು, ಒತ್ತಿದರೆ ವಿಡಿಯೊ ಬರುತ್ತಿರಲಿಲ್ಲ. ಅದೇ ಪಟ್ಟಿಯಲ್ಲಿದ್ದ ಯೂಸಿ ಬ್ರೌಸರ್‌ನ ಐಕಾನ್ ಇಟ್ಟುಕೊಂಡು ಓಡಾಡುವವರನ್ನು ನಾನು ಆಮೇಲೂ ನೋಡಿದ್ದೇನೆ.

ಆದರೆ ಅಳಿಸುವುದಕ್ಕಿಂತ ಹಾಕಿಸುವ ಪ್ರಯತ್ನದ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಹೊಸ ಫೋನುಗಳಲ್ಲಿ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಎಂದು ತಯಾರಕರಿಗೆ ಆದೇಶ ಕೊಟ್ಟಿತು. ಸುದ್ದಿ ಹೊರಬಂದ ಕೂಡಲೇ ವಿರೋಧ ಶುರುವಾಯಿತು. ಬೇಡವಾದರೆ ಅಳಿಸಿಕೊಳ್ಳಬಹುದು ಎಂದು ಸಚಿವರು ಹೇಳಿದರು, ಡಿಸೆಂಬರ್ 3ಕ್ಕೆ ಕಡ್ಡಾಯವನ್ನೇ ವಾಪಸ್ ತೆಗೆದುಕೊಂಡರು. ಆ್ಯಪ್ ಕೆಟ್ಟದು ಅಂತಲ್ಲ. ಕಳೆದುಹೋದ ಫೋನನ್ನು ಬ್ಲಾಕ್ ಮಾಡಿಸಲು, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಸಂಚಾರ್ ಸಾಥಿ ವೆಬ್‌ಸೈಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೇಕಾದವರು ತಾವೇ ಹಾಕಿಕೊಳ್ಳಲಿ ಅಂದರೆ ಗಲಾಟೆಯೇ ಇರುತ್ತಿರಲಿಲ್ಲ.

ಪ್ರಶ್ನೆ: ನಾನು ಹವ್ಯಾಸಕ್ಕೆ ಒಂದು ಸಣ್ಣ ಆ್ಯಪ್ ಮಾಡಿದ್ದೇನೆ. ನಮ್ಮ ಕಡೆಯ ಯಕ್ಷಗಾನ ಮೇಳಗಳ ಆಟ ಇವತ್ತು ಎಲ್ಲಿ ಎಂದು ತೋರಿಸುತ್ತದೆ. ಪ್ಲೇ ಸ್ಟೋರ್‌ಗೆ ಹಾಕಿಲ್ಲ, ಗೆಳೆಯರಿಗೆ ಎಪಿಕೆ ಕಳಿಸುತ್ತೇನೆ. ಈಗ ಕೆಲವರ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಅದನ್ನು ತಡೆಯುತ್ತಿದೆ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದು ಅವರಿಗೆ ಹೇಳಲೇ?
(ಉಡುಪಿ)

ಉತ್ತರ: ದಯವಿಟ್ಟು ಹೇಳಬೇಡಿ. ಕಳ್ಳರೂ ಇದೇ ಮಾತು ಹೇಳುತ್ತಾರೆ. ಎಷ್ಟರಮಟ್ಟಿಗೆ ಅಂದರೆ, ಫೋನ್ ಕಾಲ್‌ನಲ್ಲಿ ಮಾತಾಡುತ್ತಿರುವಾಗ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಬರದ ಹಾಗೆ ಗೂಗಲ್ ಈಗ ಮಾಡಿಟ್ಟಿದೆ.

ನಿಮ್ಮ ಆ್ಯಪ್ ಯಾಕೆ ಸಿಕ್ಕಿಕೊಂಡಿತು ಎಂದು ನೋಡಿ. 2024ರಲ್ಲಿ ಮೊದಲು ಸಿಂಗಪುರದಲ್ಲಿ, ಅಕ್ಟೋಬರ್‌ನಲ್ಲಿ ಭಾರತಕ್ಕೂ ಗೂಗಲ್ ಒಂದು ಹೊಸ ತಡೆ ಘೋಷಿಸಿತು. ಬ್ರೌಸರ್, ಮೆಸೇಜ್, ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಎಸ್ಎಂಎಸ್ ಓದಲು, ನೋಟಿಫಿಕೇಶನ್ ಓದಲು ಅಥವಾ ಆಕ್ಸೆಸಿಬಿಲಿಟಿ ಕೇಳಿದರೆ ಇನ್‌ಸ್ಟಾಲ್ ಆಗುವ ಮೊದಲೇ ತಡೆಯುತ್ತದೆ. ಹಾಸನದವರಿಗೆ ಇಂಥದ್ದು ಅಡ್ಡ ಬಂದಿದ್ದರೆ ಬದುಕಿಕೊಳ್ಳುತ್ತಿದ್ದರು. ಇವತ್ತಿನ ಆಟ ಎಲ್ಲಿ ಎಂದು ಹೇಳುವ ಆ್ಯಪ್‌ಗೆ ಎಸ್ಎಂಎಸ್ ಯಾಕೆ ಬೇಕು? ಯಾವುದೋ ರೆಡಿಮೇಡ್ ಲೈಬ್ರರಿ ಜೊತೆ ಆ ಪರ್ಮಿಶನ್ ನಿಮಗೆ ಗೊತ್ತಿಲ್ಲದೆ ಬಂದಿರಬಹುದು. ತೆಗೆದು ಮತ್ತೆ ಬಿಲ್ಡ್ ಮಾಡಿ ನೋಡಿ. ಆಗಲೂ ತಡೆದರೆ ಗೂಗಲ್‌ಗೆ ಮೇಲ್ಮನವಿ ಸಲ್ಲಿಸುವ ಫಾರ್ಮ್ ಇದೆ, ಬಳಸಿ.

ಮುಂದೆ ಇನ್ನೂ ಒಂದು ಬದಲಾವಣೆ ಕಾದಿದೆ. ಸ್ಟೋರ್ ಹೊರಗೆ ಹಂಚುವ ಆ್ಯಪ್‌ಗಳಿಗೂ ಅವನ್ನು ಮಾಡಿದವರು ತಮ್ಮ ಗುರುತು ನೋಂದಾಯಿಸಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಿಂದ ಶುರು, ಉಳಿದ ದೇಶಗಳಿಗೆ 2027ರಿಂದ ಎಂಬುದು ಅವರ ಲೆಕ್ಕ. ಇದಕ್ಕೆ ಮುಕ್ತ ತಂತ್ರಾಂಶದವರು ಜೋರಾಗಿಯೇ ವಿರೋಧ ಮಾಡಿದ್ದಾರೆ. ಕೂಗಾಟದ ನಂತರ ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಸುಲಭದ ದಾರಿ, ಅಪಾಯ ಗೊತ್ತಿದ್ದೂ ಹಾಕಿಕೊಳ್ಳುವವರಿಗೆ ಬೇರೊಂದು ದಾರಿ ಇಡುತ್ತೇವೆ ಎಂದು ಗೂಗಲ್ ಸ್ವಲ್ಪ ಮೆತ್ತಗಾಗಿದೆ. ನನಗಂತೂ ಇದರಲ್ಲಿ ಎರಡು ಮನಸ್ಸು. ಎಪಿಕೆ ಕಳ್ಳರಿಗೆ ಕಷ್ಟವಾಗುತ್ತದೆ, ಅದು ಒಳ್ಳೆಯದೇ. ಆದರೆ ನಿಮ್ಮ ಮೇಳದ ಆ್ಯಪ್‌ನಂಥದ್ದಕ್ಕೆಲ್ಲ ಅಮೆರಿಕದ ಕಂಪನಿಯೊಂದರ ಅಪ್ಪಣೆ ಬೇಕು ಅನ್ನುವುದು ಗಂಟಲಲ್ಲಿ ಇಳಿಯುವುದಿಲ್ಲ.

ಪ್ರಶ್ನೆ: ಪ್ಲೇ ಪ್ರೊಟೆಕ್ಟ್ ಇದ್ದರೂ ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಹಾಕಿಸಿಕೊಳ್ಳಿ ಅಂತಾರೆ ಮೊಬೈಲ್ ಅಂಗಡಿಯವರು. ಬೇಕಾ?
(ತುಮಕೂರು)

ಉತ್ತರ: ಹೆಚ್ಚಿನವರಿಗೆ ಬೇಡ. ಹಾಕಲೇಬೇಕು ಅನ್ನಿಸಿದರೆ ಮೊದಲು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟ್ ನೋಡಿ, ಫೋನಿಗೆ ಉಚಿತ ಸಾಧನಗಳಿವೆ. ಅಂಗಡಿಯವರು ಪೆನ್‌ಡ್ರೈವ್‌ನಿಂದಲೋ ತಮ್ಮ ಫೋನಿನಿಂದಲೋ ಆಂಟಿವೈರಸ್ ಹಾಕಿಕೊಡುತ್ತೇವೆ ಅಂದರೆ ಮಾತ್ರ ಫೋನ್ ವಾಪಸ್ ಇಸ್ಕೊಂಡು ಬನ್ನಿ.